ಹೊಗೆ ಮಾಸ್ಟ್ರ ರಿವಾಲ್ವರು

ಬೆಳಿಗ್ಗೆ ಏಳು ಗಂಟೆಯ ಬಸ್ಸಿನಲ್ಲಿ ಕಂಕುಳಲ್ಲಿ ರಿವಾಲ್ವರ್ ಇಟ್ಟುಕೊಂಡು ಬರುವ ಮನುಷ್ಯನಿಗೆ ಯಾರಾದರೂ ಎದ್ದು ಸೀಟು ಬಿಟ್ಟುಕೊಡಬೇಕು. ನಮ್ಮ ಪಿ.ಟಿ. ಮಾಸ್ಟ್ರಿಗೆ ಮಾತ್ರ ಬಂಟ್ವಾಳದವರೆಗೂ ನಿಂತುಕೊಂಡೇ ಹೋಗುವ ಯೋಗ. ರಿವಾಲ್ವರ್ ಇದ್ದದ್ದು ಹಳೆಯ ಬಿಸ್ಕಿಟ್ ಡಬ್ಬಿಯೊಳಗೆ, ತೆಂಗಿನೆಣ್ಣೆ ಮೆತ್ತಿದ ಬನಿಯನ್ನಿನಲ್ಲಿ ಸುತ್ತಿಕೊಂಡು. ಡಬ್ಬಿಯಲ್ಲಿ ಏನಿದೆ ಎಂದು ಬಸ್ಸಿನ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರೂ ಯಾರೂ ಹೆದರುತ್ತಿರಲಿಲ್ಲ. ಅದೊಂದೇ ಅವರ ದುಃಖ.

"ಮಾಸ್ಟ್ರೇ, ಇವತ್ತು ಎಲ್ಲಿ ಢಂ?" ಎಂದು ಕಂಡಕ್ಟರ್ ಕೇಳುತ್ತಿದ್ದ.

"ಬಂಟ್ವಾಳ. ಬೆಳಿಗ್ಗೆ ನೂರು, ಇನ್ನೂರು. ಊಟ ಆದ ಮೇಲೆ ರಿಲೇ," ಎಂದು ಇವರು ಗಂಭೀರವಾಗಿ ಉತ್ತರಿಸುತ್ತಿದ್ದರು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ತಾಲೂಕುಗಳಲ್ಲಿ ಇಪ್ಪತ್ತೈದು ವರ್ಷ ಯಾವ ಶಾಲೆಯ ಮಕ್ಕಳು ಓಡಿದರೂ ಅವರು ಓಡಲು ಶುರು ಮಾಡಿದ್ದು ಇವರ ರಿವಾಲ್ವರಿನ ಹೊಗೆ ಕಂಡ ಮೇಲೆ. ಮಕ್ಕಳು ಇಟ್ಟ ಹೆಸರು ಹೊಗೆ ಮಾಸ್ಟ್ರು. ನಿಜವಾದ ಹೆಸರು ನಾನು ಬರೆಯುವುದಿಲ್ಲ. ಅವರು ಕಳೆದ ತಿಂಗಳು ತೀರಿಕೊಂಡರು, ಅವರಿಗೇನೂ ತೊಂದರೆಯಿಲ್ಲ. ಆದರೆ ಅಳದಂಗಡಿ ಕಡೆಯ ಅವರ ಅಣ್ಣಂದಿರು ಗಟ್ಟಿಯಾಗಿದ್ದಾರೆ, ಮತ್ತು ಅವರ ಹತ್ತಿರ ನಿಜವಾದ ಕೋವಿಗಳು ಇವೆ.

ನಾನು ಅದೇ ಹೈಸ್ಕೂಲಿನ ಕನ್ನಡ ಟೀಚರ್. ಕ್ರೀಡೆಗೂ ನನಗೂ ಇದ್ದ ಸಂಬಂಧ ಇಷ್ಟೇ: ನನ್ನ ಕೈಗೆ ಯಾರೋ ಒಂದು ಸ್ಟಾಪ್‌ವಾಚ್ ಕೊಟ್ಟು, ಗೆರೆಯ ಪಕ್ಕ ಬಿಸಿಲಿನಲ್ಲಿ ಕೂರಿಸಿದ್ದರು. ಮೊದಲನೆಯ ಕೂಟದಲ್ಲಿ ನಾನು ಢಂ ಎಂದು ಕೇಳಿದ ಕೂಡಲೇ ಗುಂಡಿ ಒತ್ತಿದೆ. ಓಟ ಮುಗಿದ ಮೇಲೆ ನನ್ನ ವಾಚಿನ ಲೆಕ್ಕ ನೋಡಿ ಮಾಸ್ಟ್ರು ಮೈದಾನದ ಆ ತುದಿಯಿಂದ ಈ ತುದಿಗೆ ನಡೆದುಕೊಂಡೇ ಬಂದರು.

"ಟೀಚರೇ, ನಿಮ್ಮ ವಾಚಿನಲ್ಲಿ ಓಡಿದರೆ ನಮ್ಮ ಎಂಟನೇ ಕ್ಲಾಸಿನ ಮಕ್ಕಳೆಲ್ಲ ದೇಶಕ್ಕೆ ಓಡಬೇಕಾಗ್ತದೆ. ಸದ್ದು ನಿಮ್ಮ ಹತ್ತಿರ ಬರುವಾಗ ಮಕ್ಕಳು ಮೂರು ಹೆಜ್ಜೆ ಹೋಗಿ ಆಗಿರ್ತದೆ. ಸದ್ದು ನಂಬಬೇಡಿ. ಹೊಗೆ ನೋಡಿ."

"ಹೊಗೆ ಕಾಣದಿದ್ದರೆ?"

"ನನ್ನ ಹೊಗೆ ಕಾಣದಿದ್ದರೆ ನಿಮಗೆ ಕನ್ನಡಕ ಬೇಕು ಅಂತ ಅರ್ಥ."

ಆ ಮಾತು ಸುಳ್ಳಲ್ಲ. ಬೇರೆ ತಾಲೂಕುಗಳಲ್ಲಿ ಓಟ ಬಿಡಲು ಎರಡು ಹಲಗೆ ಬಡಿಯುತ್ತಿದ್ದರು, ಇಲ್ಲವೇ ಪೀಪಿ ಊದುತ್ತಿದ್ದರು. ನಮ್ಮಲ್ಲಿ ಢಂ ಎಂದದ್ದೇ ತಡ, ಕಂಬಳಿ ಕೊಡವಿದ ಹಾಗೆ ಬಿಳಿ ಹೊಗೆಯ ಒಂದು ಮುದ್ದೆ ಎದ್ದು, ಮಾಸ್ಟ್ರ ಕೆಂಪು ಟೋಪಿ, ಮೀಸೆ, ಎದೆ ಎಲ್ಲ ಮಾಯವಾಗಿ, ಬಿಳಿ ಪ್ಯಾಂಟು ಮಾತ್ರ ಉಳಿಯುತ್ತಿತ್ತು. ಮಕ್ಕಳು ಅರ್ಧ ದಾರಿ ಓಡಿದ ಮೇಲೆ ಮಾಸ್ಟ್ರು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಹೊರಬರುತ್ತಿದ್ದರು.

ರಿವಾಲ್ವರಿನ ಚರಿತ್ರೆ ಅವರ ಬಾಯಿಂದ ಕೇಳಬೇಕು. ಅಮೆರಿಕದ ಕುದುರೆ ಸವಾರರು ನೂರೈವತ್ತು ವರ್ಷಗಳ ಹಿಂದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಮಾದರಿಯಂತೆ. ನಡುವಿನ ಚೌಕಟ್ಟು ಪೂರ್ತಿ ಹಿತ್ತಾಳೆ, ನಳಿಗೆ ಕಬ್ಬಿಣ, ಆರು ಮನೆಗಳ ತಿರುಗುವ ಗಾಲಿ. ಒಂದೊಂದು ಮನೆಗೂ ಮದ್ದು ಬೇರೆ ತುಂಬಬೇಕು, ಹಿಂದೆ ಕಿಡಿ ಹಾರಿಸುವ ಕೇಪು ಬೇರೆ ಸಿಕ್ಕಿಸಬೇಕು. ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದ ಸೋದರಮಾವ ಕೊಟ್ಟದ್ದು. ಮಾವನ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ಯಾರೋ ಸಿನೆಮಾ ಸಾಮಾನಿನವರು ಮಾವನಿಗೆ ಕೊಟ್ಟದ್ದು. ಈ ಕೊನೆಯ ವಾಕ್ಯವನ್ನು ಮಾಸ್ಟ್ರು ಸಾಮಾನ್ಯವಾಗಿ ಹೇಳುತ್ತಿರಲಿಲ್ಲ. ಸೋದರಮಾವನ ಹತ್ತಿರ ಚರಿತ್ರೆಯನ್ನು ನಿಲ್ಲಿಸಿ ಮೀಸೆ ಸವರಿಕೊಳ್ಳುತ್ತಿದ್ದರು.

ಕರಿಮದ್ದಿನ ಮೇಲೆ ಅವರು ಒಂದು ಚಮಚ ರವೆ ಹಾಕುತ್ತಿದ್ದರು. ಹೌದು, ಉಪ್ಪಿಟ್ಟಿನ ರವೆ. ಮದ್ದು ಅಲುಗಾಡದೆ ಬಿಗಿಯಾಗಿ ಕೂರಲಿಕ್ಕೆ, ಒಂದು ಮನೆಯ ಕಿಡಿ ಇನ್ನೊಂದು ಮನೆಗೆ ಹಾರದಿರಲಿಕ್ಕೆ. ಅದರ ಮೇಲೆ ಜೇನುಮೇಣ. ಇದರಿಂದಾಗಿ ನಮ್ಮ ಕ್ರೀಡಾಕೂಟಗಳಲ್ಲಿ ಬೇರೆಲ್ಲೂ ಇಲ್ಲದ ಒಂದು ವಿಶೇಷವಿತ್ತು. ಪ್ರತಿ ಓಟದ ನಂತರ ಮೈದಾನದ ಆ ಮೂಲೆಯಲ್ಲಿ ಹುರಿದ ರವೆಯ ಪರಿಮಳ. ಹನ್ನೊಂದು ಗಂಟೆಯ ಹೊತ್ತಿಗೆ ಮಕ್ಕಳಿಗಿಂತ ಮೊದಲು ನಮಗೆ ಹಸಿವಾಗುತ್ತಿತ್ತು.

ಒಮ್ಮೆ ಮಿಜಾರಿನ ಮೈದಾನದಲ್ಲಿ ರವೆ ಮುಗಿದುಹೋಯಿತು. ಪರವಾಗಿಲ್ಲ ಎಂದು ಬರೀ ಮೇಣ ಹಾಕಿದರು. ಹುಡುಗಿಯರ ಇನ್ನೂರು ಮೀಟರ್. "ಸೆಟ್" ಎಂದರು, ರಿವಾಲ್ವರಿನ ಕುದುರೆ ಒತ್ತಿದರು. ಒಂದರ ಬದಲು ಮೂರು ಮನೆ ಒಟ್ಟಿಗೇ ಸಿಡಿದವು. ಟೋಪಿಯ ಅಂಚು ಸುಟ್ಟು ಕರಕಲಾಯಿತು. ಒಂದು ಢಂ ಎಂದರೆ ಓಡಬೇಕು, ಎರಡು ಢಂ ಎಂದರೆ ತಪ್ಪಾಗಿದೆ, ವಾಪಸ್ಸು ಬರಬೇಕು ಎಂದು ಮಕ್ಕಳಿಗೆ ಅವರೇ ಕಲಿಸಿದ್ದರು. ಮೂರರ ಬಗ್ಗೆ ಪಾಠವಾಗಿರಲಿಲ್ಲ. ಅರ್ಧ ಮಕ್ಕಳು ಓಡಿದರು, ಅರ್ಧ ಮಕ್ಕಳು ನಿಂತರು. ನಿಂತವರಲ್ಲಿ ಒಬ್ಬಳು ಹೊಗೆಯೊಳಗೆ ಬಗ್ಗಿ ನೋಡಿ ಕೇಳಿದಳು.

"ಸರ್, ಮೂರು ಆದ್ರೆ ಎಂತ ಸರ್?"

ಹೊಗೆಯೊಳಗಿನಿಂದ ಉತ್ತರ ಬಂತು: "ಮೂರು ಆದ್ರೆ ಊಟಕ್ಕೆ ಬಿಟ್ಟದ್ದು."

ಊಟಕ್ಕೆ ಬಿಡಲೇಬೇಕಾಯಿತು, ಗಂಟೆ ಹತ್ತೂವರೆಯಾಗಿದ್ದರೂ.

ಪ್ರತಿ ರಜೆಯಲ್ಲೂ ರಿವಾಲ್ವರಿಗೆ ಅಭ್ಯಂಗ. ಕರಿಮದ್ದಿನ ಮಸಿ ಒಂದು ದಿನ ಉಳಿದರೂ ಕಬ್ಬಿಣ ತಿನ್ನುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ಉಳಿದದ್ದನ್ನು ಗಾಳಿ ತಿನ್ನುತ್ತದೆ. ಹಿತ್ತಾಳೆಗೆ ಬಿಂಬುಳಿ. ದೇವರ ದೀಪ ಬೆಳಗುವ ಅದೇ ಹುಳಿ ಬಿಂಬುಳಿಕಾಯಿಯನ್ನು ಜಜ್ಜಿ, ಬೂದಿ ಸೇರಿಸಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಸಂದುಗೊಂದು ಬಿಡದೆ ತಿಕ್ಕುತ್ತಿದ್ದರು. ಹಿಡಿಕೆಯ ಮರ ಒಡೆದಾಗ ಶಾಲೆಯ ಮುರಿದ ಕೇರಂ ಬೋರ್ಡಿನ ಚೌಕಟ್ಟಿನಿಂದ ಹೊಸ ಹಿಡಿಕೆ ಕೆತ್ತಿದರು. ನಳಿಗೆಗೆ ಕಪ್ಪು ಬಣ್ಣ ಬರಿಸುವುದು ಇನ್ನೂ ದೊಡ್ಡ ಪೂಜೆ. ಬೇಕೆಂದೇ ತುಕ್ಕು ಹಿಡಿಸಿ, ನೀರಿನಲ್ಲಿ ಕುದಿಸಿ, ಉಜ್ಜಿ, ಮತ್ತೆ ತುಕ್ಕು ಹಿಡಿಸಿ, ಮತ್ತೆ ಕುದಿಸಿ, ಹೀಗೆ ಏಳೆಂಟು ಸಲ. ಕೊನೆಗೆ ಕಾಡಿಗೆಯಂಥ ಕಪ್ಪು ಬರುತ್ತಿತ್ತು, ಒರೆಸಿದರೂ ಹೋಗದು.

ಕುದಿಸುವುದಕ್ಕೆ ಪಾತ್ರೆ ಬೇಕಲ್ಲ. ಒಮ್ಮೆ ನಾನು ಅವರ ಮನೆಗೆ ಹೋದಾಗ ಅವರ ಹೆಂಡತಿ ಅಂಗಳಕ್ಕೇ ಬಂದು ನನ್ನ ಕೈಹಿಡಿದು ಒಲೆಯ ಹತ್ತಿರ ಕರೆದುಕೊಂಡು ಹೋದರು.

"ನೋಡಿ ಟೀಚರೇ. ಕುಚ್ಚಲಕ್ಕಿ ಅನ್ನ ಬೆಂದಿದೆಯಾ ಅಂತ ಸೌಟು ಹಾಕಿದೆ. ನಳಿಗೆ ಬಂತು."

ಮಾಸ್ಟ್ರು ಒಳಗಿನಿಂದಲೇ, "ಅದು ಅನ್ನದ ಪಾತ್ರೆ ಅಲ್ಲ, ಕಳೆದ ವರ್ಷದ ಅನ್ನದ ಪಾತ್ರೆ," ಎಂದರು.

"ಕಳೆದ ವರ್ಷವೂ ಇದೇ ಹೇಳಿದ್ದೀರಿ. ನಮ್ಮ ಮನೆಯಲ್ಲಿ ಈಗ ಅನ್ನಕ್ಕೆ ಪಾತ್ರೆ ಇಲ್ಲ, ದೇವರ ದೀಪಕ್ಕೆ ಬಿಂಬುಳಿ ಇಲ್ಲ, ಉಪ್ಪಿಟ್ಟಿಗೆ ರವೆ ಇಲ್ಲ. ಇವರನ್ನು ಮದುವೆ ಆಗುವಾಗ ಯಾರಾದರೂ ಒಂದು ಮಾತು ಹೇಳಬಹುದಿತ್ತು."

ಆ ದಿನವೇ ನನಗೆ ಗುಟ್ಟು ತಿಳಿದದ್ದು. ಪಾತ್ರೆಯಿಂದ ತೆಗೆದ ನಳಿಗೆಯನ್ನು ಅವರು ಬಟ್ಟೆಯಲ್ಲಿ ಒರೆಸುತ್ತಿದ್ದಾಗ ನಾನು ಸುಮ್ಮನೆ ಬಾಯಿಯ ಕಡೆಯಿಂದ ನೋಡಿದೆ. ಎರಡು ಬೆರಳು ಒಳಗೆ ಸೀಸ ಎರಕ ಹೊಯ್ದು ಮುಚ್ಚಿಬಿಟ್ಟಿದ್ದರು! ಹೊಗೆ ಹೋಗಲು ನಳಿಗೆಯ ನೆತ್ತಿಯಲ್ಲಿ ಒಂದು ತೂತು, ಅಷ್ಟೇ. ಸಿನೆಮಾದವರು ಮಾಡಿಸಿದ್ದು. ಅದರಿಂದ ಗುಂಡಲ್ಲ, ಒಂದು ಸಾಸಿವೆಕಾಳು ಕೂಡ ಮುಂದಕ್ಕೆ ಹಾರುವಂತಿರಲಿಲ್ಲ. "ನಳಿಗೆಯ ಬಾಯಿಗೆ ಮುಖ ಕೊಡಬಾರದು" ಎಂದು ಅವರು ಇಡೀ ಮೂರು ತಾಲೂಕಿನ ಮಕ್ಕಳಿಗೆ, ಹೆಡ್ಮಾಸ್ಟರರಿಗೆ, ಮುಖ್ಯ ಅತಿಥಿಗಳಿಗೆ ಯಾಕೆ ಕಟ್ಟುನಿಟ್ಟು ಮಾಡಿದ್ದರೆಂದು ಆಗ ಅರ್ಥವಾಯಿತು.

ನಾನು ನೋಡಿದ್ದನ್ನು ಅವರು ನೋಡಿದರು. ಮುಖ ಸಣ್ಣದಾಯಿತು.

"ಟೀಚರೇ, ರಿವಾಲ್ವರ್ ಅಂದ್ರೆ ರಿವಾಲ್ವರೇ. ಗುಂಡು ಹೊರಗೆ ಬರುವುದು ಬಿಡುವುದು ಅದರ ಇಷ್ಟ," ಎಂದರು.

ನನಗೆ ನಗು ಬಂತು. ಆದರೆ ಯಾರಿಗೂ ಹೇಳಲಿಲ್ಲ. ಕುಟುಂಬದ ಕೋವಿ, ಅದರ ಲೈಸೆನ್ಸ್, ಎಲ್ಲ ಅಣ್ಣಂದಿರ ಪಾಲು. ಮನೆಗೆ ನೆಂಟರು ಬಂದಾಗ ಅಣ್ಣಂದಿರು ಹಂದಿ ಓಡಿಸಿದ ಕಥೆ ಹೇಳುವಾಗ, ಇವರು ನಾಲ್ಕು ಇಂಟು ನೂರು ರಿಲೇಯ ಕಥೆ ಹೇಳಬೇಕಾಗುತ್ತಿತ್ತು. ಅಂಥ ಮನೆಯಲ್ಲಿ ಹಿತ್ತಾಳೆ ರಿವಾಲ್ವರು ಇವರಿಗೆ ಎಷ್ಟು ಮುಖ್ಯವೆಂದು ನನಗೂ ಗೊತ್ತಾಗುತ್ತಿತ್ತು.

ಇನ್ನು ಚುನಾವಣೆಯ ವಿಷಯ. ಚುನಾವಣೆ ಘೋಷಣೆಯಾದರೆ ನಮ್ಮ ಕಡೆ ಬೆಳೆರಕ್ಷಣೆಯ ಕೋವಿ ಇದ್ದವರೆಲ್ಲ ಅದನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕು. ಫಲಿತಾಂಶ ಬಂದ ಮೇಲೆ ವಾಪಸ್ಸು. ಅಷ್ಟು ದಿನ ಮಂಗಗಳಿಗೂ ಹಂದಿಗಳಿಗೂ ಸ್ವರಾಜ್ಯ. ಠಾಣೆಯ ಮುಂದಿನ ಆ ಸಾಲು ನೋಡಬೇಕು. ಬಿಳಿ ಪಂಚೆ, ಇಸ್ತ್ರಿ ಅಂಗಿ, ಹೆಗಲಲ್ಲಿ ಬಟ್ಟೆ ಸುತ್ತಿದ ಕೋವಿ, ಊರಿನ ಮರ್ಯಾದಸ್ಥರೆಲ್ಲ ಒಂದೇ ಕಡೆ. ಕೋವಿ ಇಡಲು ಬೈದುಕೊಂಡು ಬಂದರೂ, ಸಾಲಿನಲ್ಲಿ ನಿಂತದ್ದನ್ನು ನಾಲ್ಕು ಜನ ನೋಡಲಿ ಎಂದೇ ಎಲ್ಲರಿಗೂ ಆಸೆ. ಆ ಸಾಲಿನ ಕೊನೆಯಲ್ಲಿ, ಯಾರೂ ಕರೆಯದಿದ್ದರೂ, ಯಾವ ಕಾನೂನೂ ಕೇಳದಿದ್ದರೂ, ಬಿಸ್ಕಿಟ್ ಡಬ್ಬಿ ಹಿಡಿದುಕೊಂಡು ನಮ್ಮ ಮಾಸ್ಟ್ರು.

ಯಾವ ಠಾಣೆ ಎಂದು ಹೇಳುವುದಿಲ್ಲ, ಮೂರು ತಾಲೂಕಿನಲ್ಲಿ ಎಲ್ಲೋ ಒಂದು ಎಂದುಕೊಳ್ಳಿ. ಅಲ್ಲಿನ ರೈಟರು, ಅಂದರೆ ಠಾಣೆಯ ಬರವಣಿಗೆ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್, ಊರಿನವರೇ. ಮೊದಲ ವರ್ಷ ಇವರ ಡಬ್ಬಿ ನೋಡಿ ತಲೆ ಕೆರೆದುಕೊಂಡು, ರಿಜಿಸ್ಟರಿನಲ್ಲಿ "ರಿವಾಲ್ವರ್, ಹಿತ್ತಾಳೆ, ಒಂದು" ಎಂದು ಬರೆದು, ಲೈಸೆನ್ಸ್ ನಂಬರಿನ ಕಾಲಮಿನಲ್ಲಿ "ಮಾಸ್ಟ್ರು" ಎಂದು ಬರೆದರು. ರಸೀದಿ ಕೊಟ್ಟರು. ಮುಂದಿನ ಚುನಾವಣೆಗಳಲ್ಲಿ ಹಳೆಯ ಪುಟ ನೋಡಿ ಅದನ್ನೇ ಬರೆದರು. ಮಾಸ್ಟ್ರು ರಸೀದಿಯನ್ನು ಅಂಗಿಯ ಕಿಸೆಯಲ್ಲಿ ಅರ್ಧ ಹೊರಗೆ ಕಾಣುವ ಹಾಗೆ ಇಟ್ಟುಕೊಂಡು ಸ್ಟಾಫ್ ರೂಮಿಗೆ ಬರುತ್ತಿದ್ದರು.

ಅವರು ನಿವೃತ್ತರಾಗುವ ವರ್ಷ ಚುನಾವಣೆ ಕ್ರೀಡಾಕೂಟದ ಕಾಲಕ್ಕೇ ಬಂತು. ಯಥಾಪ್ರಕಾರ ಡಬ್ಬಿ ಠಾಣೆಗೆ ಹೋಯಿತು. ಚುನಾವಣೆ ಮುಗಿಯಿತು, ಅಣ್ಣಂದಿರ ಕೋವಿಗಳು ಮನೆಗೆ ಬಂದವು, ಡಬ್ಬಿ ಬರಲಿಲ್ಲ. ಠಾಣೆಗೆ ಹೊಸ ಎಸ್.ಐ. ಬಂದಿದ್ದರು. ಘಟ್ಟದ ಮೇಲಿನ ಹೆಂಗಸು, ಚಿಕ್ಕ ಪ್ರಾಯ. ರಿಜಿಸ್ಟರಿನಲ್ಲಿ ಲೈಸೆನ್ಸ್ ನಂಬರ್ "ಮಾಸ್ಟ್ರು" ಎಂದು ಓದಿ ಅವರಿಗೆ ನಗಬೇಕೋ ಕೇಸು ಹಾಕಬೇಕೋ ಗೊತ್ತಾಗಲಿಲ್ಲವಂತೆ. ಮೂಡುಬಿದಿರೆಯಲ್ಲಿ ಕೊನೆಯ ಕೂಟಕ್ಕೆ ಆರೇ ದಿನ. ಅದು ಮಾಸ್ಟ್ರ ಕೆಲಸದ ಕೊನೆಯ ಕೂಟವೂ ಹೌದು.

"ಟೀಚರೇ, ನೀವು ಬನ್ನಿ. ಠಾಣೆಯಲ್ಲಿ ಮಾತಾಡ್ಲಿಕ್ಕೆ ಒಳ್ಳೆ ಕನ್ನಡ ಬೇಕು," ಎಂದು ನನ್ನನ್ನು ಕರೆದುಕೊಂಡು ಹೋದರು.

ಒಳ್ಳೆಯ ಕನ್ನಡಕ್ಕೆ ಅವಕಾಶವೇ ಸಿಗಲಿಲ್ಲ. ಎಸ್.ಐ. ಮೇಡಂ ಡಬ್ಬಿ ತೆರೆದು, ಮೊಬೈಲಿನ ಟಾರ್ಚ್ ಹಾಕಿ, ನಳಿಗೆಯೊಳಗೆ ಕಣ್ಣಿಟ್ಟರು.

"ಮೇಡಂ! ನಳಿಗೆಯ ಬಾಯಿಗೆ ಮುಖ ಕೊಡಬಾರದು!" ಎಂದು ಮಾಸ್ಟ್ರು ಚೀರಿದರು.

"ಮುಚ್ಚೋಗಿದೆಯಲ್ಲ ಸರ್ ಇದು," ಎಂದರು ಮೇಡಂ. ಕೆಟ್ಟ ಮನಸ್ಸಿನವರಲ್ಲ. "ನೋಡಿ, ರಿವಾಲ್ವರ್ ಅಂತ ಬರೆದುಬಿಟ್ಟಿದ್ದಾರೆ. ರಿವಾಲ್ವರ್ ಆದ್ರೆ ಲೈಸೆನ್ಸ್ ಇಲ್ಲದೆ ನಾನು ವಾಪಸ್ ಕೊಡಕ್ಕಾಗಲ್ಲ, ನಿಮ್ಮ ಮೇಲೆ ಕೇಸ್ ಆಗುತ್ತೆ. ಇದು ಆಯುಧ ಅಲ್ಲ, ಆಟಿಕೆ ಅಂತ ನೀವೇ ಒಂದು ಕಾಗದ ಬರೆದು ಸೈನ್ ಮಾಡಿ. ಈಗಲೇ ತಗೊಂಡು ಹೋಗಿ."

"ಆಟಿಕೆ?" ಎಂದರು ಮಾಸ್ಟ್ರು.

"ಹ್ಞೂಂ. ಟಾಯ್."

ಮಾಸ್ಟ್ರು ಎದ್ದರು. ಟೋಪಿ ಹಾಕಿಕೊಂಡರು. "ಹೋಗುವ ಟೀಚರೇ," ಎಂದರು.

ಮೂರು ದಿನ ನಾನು ಅವರ ಬೆನ್ನು ಬಿಡಲಿಲ್ಲ. ಕಾಗದವನ್ನು ನಾನೇ ಚಂದ ಮಾಡಿ ಬರೆದಿಟ್ಟೆ. "ಸದರಿ ವಸ್ತುವು ಆಯುಧವಲ್ಲ, ಆಟಿಕೆಯಾಗಿರುತ್ತದೆ" ಎಂಬ ಒಂದು ವಾಕ್ಯ, ಕೆಳಗೆ ಸಹಿಗೆ ಜಾಗ. ಊಟದ ಹೊತ್ತಿನಲ್ಲಿ ಮುಂದಿಟ್ಟರೆ ಬುತ್ತಿ ತೆಗೆದುಕೊಂಡು ಬೇರೆ ಬೆಂಚಿಗೆ ಹೋಗುತ್ತಿದ್ದರು.

"ಒಂದು ಸಹಿ ಮಾಸ್ಟ್ರೇ. ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತಾಗ್ತದೆ. ಇಪ್ಪತ್ತೈದು ವರ್ಷ ನಾನು ಆಟಿಕೆ ಹಿಡಿದು ನಿಂತದ್ದಾ? ಮಕ್ಕಳು ಓಡಿದ್ದು ಆಟಿಕೆಗಾ? ನನ್ನ ಕೈಯಿಂದ ಅದು ಬರೆಯಲಿಕ್ಕೆ ಆಗುವುದಿಲ್ಲ."

"ಹಾಗಾದರೆ ಮೂಡುಬಿದಿರೆಯಲ್ಲಿ ಎಂತ ಮಾಡ್ತೀರಿ? ಈಗ ಕರೆಂಟಿನ ಗನ್ನು ಬಂದಿದೆಯಂತೆ, ಕೀಂ ಅಂತ ಶಬ್ದ ಬರುವಂಥದ್ದು."

"ಆ ಕೀಂ ಹಿಡಿದು ನಿಲ್ಲಲಿಕ್ಕೆ ಬೇರೆ ಯಾರನ್ನಾದರೂ ಹುಡುಕಿ. ನಾನು ಮನೆಯಲ್ಲಿ ಕೂರ್ತೇನೆ."

ಕೂರುವವರೇ. ಹಟ ಹಿಡಿದರೆ ಅವರ ಹೆಂಡತಿಯ ಮಾತೂ ನಡೆಯುತ್ತಿರಲಿಲ್ಲ. ಕೊನೆಯ ಕೂಟದ ದಿನ ಮೂರು ತಾಲೂಕಿನ ಮಕ್ಕಳು ಗೆರೆಯ ಮೇಲೆ ಬಗ್ಗಿ ನಿಂತಿರುವಾಗ ಇವರು ಅಂಗಳದಲ್ಲಿ ಬರೀ ಕೈಯಲ್ಲಿ ಕೂತಿರುವುದನ್ನು ನೆನೆದು ನನಗೆ ತಡೆಯಲಾಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮೊದಲ ಪಿರಿಯಡ್ ಬಿಡುವಿತ್ತು. ಹಾಜರಿ ಪುಸ್ತಕ ತೆರೆದು ಅವರ ಸಹಿ ನೋಡಿಕೊಂಡು, ಕಾಗದದ ಕೆಳಗೆ ನಾನೇ ಹಾಕಿಬಿಟ್ಟೆ. ಅವರ ಸಹಿ ಕೋಳಿ ಕೆದಕಿದ ಹಾಗೆ. ನಾನು ಎಷ್ಟು ಪ್ರಯತ್ನಪಟ್ಟರೂ ಅದು ಸ್ವಲ್ಪ ದುಂಡಗೇ ಬಂತು. ಹುಟ್ಟಿದಂದಿನಿಂದ ಕಾಪಿ ಬರೆಸಿದ ಕೈ, ಕೆಟ್ಟ ಅಕ್ಷರ ಒಗ್ಗುವುದಿಲ್ಲ. ಠಾಣೆಗೆ ಹೋದೆ. ಮೇಡಂ ಇರಲಿಲ್ಲ. ರೈಟರು ಕಾಗದ ತೆಗೆದುಕೊಂಡು, "ಸಂಜೆ ಮಾಸ್ಟ್ರನ್ನೇ ಕಳಿಸಿ, ವಾಪಸ್ಸು ಪಡೆದದ್ದಕ್ಕೆ ಅವರೇ ಸೈನ್ ಹಾಕಬೇಕು," ಎಂದರು.

ಶಾಲೆಗೆ ಬಂದು ಮಾಸ್ಟ್ರಿಗೆ ಹೇಳಿದೆ. "ಮೇಡಂ ಒಪ್ಪಿದ್ದಾರಂತೆ. ಸಂಜೆ ಹೋಗಿ ತನ್ನಿ."

"ಕಾಗದ?"

"ಕಾಗದ ಬೇಡವಂತೆ."

ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಮೀಸೆಯಡಿಯಲ್ಲಿ ನಗು ಬಂತು. "ನಾನು ಹೇಳಲಿಲ್ವಾ ಟೀಚರೇ? ಗಟ್ಟಿ ನಿಂತರೆ ಪೊಲೀಸರೂ ಬಗ್ಗುತ್ತಾರೆ."

ನಾನು ಗಂಭೀರವಾಗಿ ತಲೆ ಆಡಿಸಿದೆ. ಒಳಗೆ ಹೊಟ್ಟೆ ಹುಣ್ಣಾಗುವಷ್ಟು ನಗು.

ಮರುದಿನ ಬೆಳಿಗ್ಗೆ ಸ್ಟಾಫ್ ರೂಮಿನ ಮೇಜಿನ ಮೇಲೆ ಡಬ್ಬಿ ಇತ್ತು. ಮಾಸ್ಟ್ರು ನಿಂತುಕೊಂಡು ಎಲ್ಲರಿಗೂ ವರದಿ ಒಪ್ಪಿಸಿದರು. ಎಸ್.ಐ. ಮೇಡಂ ಕುರ್ಚಿಯಿಂದ ಎದ್ದು ನಿಂತರಂತೆ. ಐದು ಜನ ಕಾನ್‌ಸ್ಟೇಬಲ್‌ಗಳು ಸಾಲಾಗಿ ನಿಂತರಂತೆ. "ಇಂಥ ರಿವಾಲ್ವರ್ ಇಡೀ ಜಿಲ್ಲೆಗೆ ಒಂದೇ, ಇದಕ್ಕೆ ಲೈಸೆನ್ಸ್ ಕೇಳೋದು ಇದಕ್ಕೇ ಅವಮಾನ" ಎಂದು ಮೇಡಂ ಹೇಳಿದರಂತೆ. ಗಣಿತದ ಮಾಸ್ಟ್ರು ಚಪ್ಪಾಳೆ ತಟ್ಟಿದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಸೆರಗು ಬಾಯಿಗೆ ಒತ್ತಿಕೊಂಡೆ.

ಮೂಡುಬಿದಿರೆಯಲ್ಲಿ ಆ ದಿನ ಬಿಸಿಲು ಚೆನ್ನಾಗಿತ್ತು, ಗಾಳಿಯಿರಲಿಲ್ಲ. ಹೊಗೆ ಎದ್ದಲ್ಲೇ ನಿಲ್ಲುತ್ತಿತ್ತು. ಬಿಂಬುಳಿ ಕಂಡ ಹಿತ್ತಾಳೆ ಮೈದಾನದ ಈ ತುದಿಗೂ ಮಿನುಗುತ್ತಿತ್ತು. ಬಂದೋಬಸ್ತಿಗೆ ಬಂದ ಇಬ್ಬರು ಪೊಲೀಸರು ನಮ್ಮ ಠಾಣೆಯವರೇ. ಮಾಸ್ಟ್ರು ಒಮ್ಮೆಯೂ ಅವರ ಕಡೆ ನೋಡಲಿಲ್ಲ. ಕೆಲಸದ ಶಿಸ್ತು ಎಂದುಕೊಂಡೆ. ಕೊನೆಯ ಓಟಕ್ಕೆ ಎಲ್ಲ ಆರು ಮನೆಗಳಿಗೂ ಮದ್ದು ತುಂಬಿ, ರವೆಯನ್ನು ಎರಡೆರಡು ಚಮಚ ಹಾಕಿದರೆಂದು ಆಮೇಲೆ ಹೇಳಿದರು. "ಸೆಟ್" ಎಂದು ಅವರು ಕೈ ಎತ್ತಿದಾಗ ನಾನು ವಾಚಿನ ಮೇಲೆ ಬೆರಳಿಟ್ಟು ಕಣ್ಣು ಮಿಟುಕಿಸದೆ ನೋಡಿದೆ. ಹೊಗೆ ಎದ್ದಿತು. ಒತ್ತಿದೆ. ನನ್ನ ಸೇವೆಯಲ್ಲಿ ಅಷ್ಟು ಸರಿಯಾಗಿ ಯಾವ ಓಟಕ್ಕೂ ಒತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಅವರು ಸಿಕ್ಕಲ್ಲೆಲ್ಲ ಠಾಣೆಯ ಕಥೆಯೇ. ಮದುವೆ ಮನೆಯಲ್ಲಿ, ಬೆಳ್ತಂಗಡಿ ಬಸ್ ಸ್ಟ್ಯಾಂಡಿನಲ್ಲಿ, ಒಮ್ಮೆ ಕಕ್ಕಿಂಜೆಯಲ್ಲಿ ಕಲ್ಲಂಗಡಿ ಅಂಗಡಿಯ ಮುಂದೆ. ಕೇಳುವವರು ಯಾರೇ ಇರಲಿ, "ಬೇಕಾದರೆ ಟೀಚರನ್ನು ಕೇಳಿ" ಎಂದು ನನ್ನನ್ನು ಸಾಕ್ಷಿಗೆ ಎಳೆಯುತ್ತಿದ್ದರು. ವರ್ಷ ಕಳೆದಂತೆ ಐದು ಜನ ಕಾನ್‌ಸ್ಟೇಬಲ್‌ಗಳು ಒಂಬತ್ತಾದರು, ಮೇಡಂ ಸೆಲ್ಯೂಟ್ ಹೊಡೆದರು. ನಾನು ಹೌದು ಹೌದು ಎನ್ನುತ್ತಿದ್ದೆ. ಇಷ್ಟು ದೊಡ್ಡ ಮನುಷ್ಯನನ್ನು ಒಂದು ಸಹಿಯಲ್ಲಿ ಏಮಾರಿಸಿದೆನಲ್ಲ ಎಂಬ ಕೊಬ್ಬು ನನಗೆ ಚೆನ್ನಾಗಿಯೇ ಇತ್ತು.

ಮೊನ್ನೆ ಅವರ ಬೊಜ್ಜ, ಅಂದರೆ ಹದಿಮೂರನೆಯ ದಿನದ ಕಾರ್ಯ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಕೂತವರು ಆ ರೈಟರು. ಅವರಿಗೂ ಈಗ ನಿವೃತ್ತಿಯಾಗಿದೆ. ಮಾತಿಗೆ ಮಾತು ಬಂದು ನಾನು ಠಾಣೆಯ ಕಥೆ ತೆಗೆದು, ಒಂಬತ್ತು ಕಾನ್‌ಸ್ಟೇಬಲ್‌ಗಳ ಸುದ್ದಿ ಹೇಳಿ ನಕ್ಕೆ. ರೈಟರು ನಗಲಿಲ್ಲ.

"ಟೀಚರೇ, ಈಗ ಹೇಳಬಹುದು ಕಾಣ್ತದೆ. ನೀವು ಸೈನ್ ಹಾಕಿದ್ದು ಭಾರೀ ಚಂದ ಆಗಿತ್ತು. ಅದೇ ತೊಂದರೆ ಆದದ್ದು."

ನಾನು ಕಲಸಿದ ತುತ್ತನ್ನು ಎಲೆಗೆ ಬಿಟ್ಟು ಅವರ ಕಡೆ ತಿರುಗಿದೆ.

"ಸಂಜೆ ಮಾಸ್ಟ್ರು ಬಂದಾಗ ಮೇಡಂ ಎರಡು ಸೈನನ್ನೂ ಪಕ್ಕ ಇಟ್ಟು ನೋಡಿದ್ರು. ರಿಜಿಸ್ಟರಿನಲ್ಲಿ ಒಂದು, ಕಾಗದದಲ್ಲಿ ಒಂದು. 'ಈ ಕಾಗದ ತಂದ ಟೀಚರ್ರೇ ಹಾಕಿದ್ದಾ ಇದು? ಠಾಣೆಗೇ ಸುಳ್ಳು ಸಹಿ ತಂದು ಕೊಡ್ತಾರಾ? ಸರ್ಕಾರಿ ಕೆಲಸದಲ್ಲಿದ್ದಾರೆ ತಾನೆ?' ಅಂತ ಜೋರು ಮಾಡಿದ್ರು. ಮಾಸ್ಟ್ರಿಗೆ ಕಾಗದದ ವಿಷಯವೇ ಗೊತ್ತಿರಲಿಲ್ಲ. ತೆಗೆದುಕೊಂಡು ಓದಿದ್ರು. ಎರಡು ಸಲ ಓದಿದ್ರು. ಮತ್ತೆ 'ಸೈನ್ ನನ್ನದೇ' ಅಂದ್ರು."

"ಅವರೇ ಹೇಳಿದ್ರಾ?"

"ಹೌದು ಮಾರಾಯ್ರೆ. 'ಇಷ್ಟು ಚೆನ್ನಾಗಿ ಹಾಕ್ತೀರಾ ನೀವು?' ಅಂತ ಮೇಡಂ ಕೇಳಿದ್ರು. 'ಹೆದರಿಕೆಗೆ ಕೈ ನಡುಗಿತು ಮೇಡಂ. ನಡುಗಿದ್ರೆ ನನ್ನ ಅಕ್ಷರ ಚಂದ ಬರ್ತದೆ' ಅಂದ್ರು. ಮೇಡಮಿಗೂ ನಗು ಬಂತು. ಆದ್ರೂ ಬಿಡಲಿಲ್ಲ. 'ಹಾಗಾದ್ರೆ ನನ್ನೆದುರಿಗೇ ಇನ್ನೊಂದು ಸಲ ಬರೀರಿ' ಅಂದ್ರು. ಬೆಂಚಿನಲ್ಲಿ ಕೂತು ಬರೆದ್ರು ಟೀಚರೇ, ಅರ್ಧ ಗಂಟೆ ಬೇಕಾಯ್ತು ಒಂದು ವಾಕ್ಯ ಬರೆಯಲಿಕ್ಕೆ. ಅವರ ಅಕ್ಷರ ಮೇಡಮಿಗೆ ಓದಲಿಕ್ಕೆ ಆಗಲಿಲ್ಲ. 'ನೀವೇ ಓದಿ' ಅಂದ್ರು. ಎದ್ದು ನಿಂತು ಓದಿದ್ರು. ಇದು ಆಯುಧ ಅಲ್ಲ, ಆಟಿಕೆ ಅಂತ. ನಾವು ಐದು ಜನ ಇದ್ದೆವು. ಇಬ್ಬರು ಅವರ ಕೈಯಲ್ಲೇ ಓಡಿ ಪೊಲೀಸಾದವರು."

ಪಾಯಸ ಬಂತು. ಬಡಿಸುವವರು ನನ್ನ ಎಲೆಯ ಮುಂದೆ ನಿಂತು ಕೇಳಿದರು, ನಾನು ಬೇಡ ಎಂದು ಕೈ ಅಡ್ಡ ಹಿಡಿದೆ.

"ಹೋಗುವಾಗ ಬಾಗಿಲಲ್ಲಿ ನನ್ನ ಹತ್ತಿರ ಹೇಳಿದ್ರು," ಎಂದರು ರೈಟರು. "'ಇದು ಟೀಚರಿಗೆ ಗೊತ್ತಾಗಬಾರದು. ಪಾಪ, ನನ್ನನ್ನು ಏಮಾರಿಸಿದೆ ಅಂತ ಅವರು ಖುಷಿಯಲ್ಲಿ ಇದ್ದಾರೆ.'"

ಊರಿಡೀ ಆ ಕಥೆ ಹೇಳುವಾಗಲೆಲ್ಲ ಮಾಸ್ಟ್ರು ಕೇಳುವವರ ಮುಖ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ನಾನು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡ ಮೇಲೆಯೇ ಅವರು ಕಥೆ ಮುಗಿಸುತ್ತಿದ್ದದ್ದು.